ಸೀರೆ ಎಷ್ಟು ಎಂದು ಕೇಳಿದ ಫಾರಂ

ಸೀಗೆಗುಂಡಿ, ಹಾನುಬಾಳು ಹೋಬಳಿ
೧೩-೬-೨೦೦೪, ಭಾನುವಾರ

ಮಗಳು ಸರ್ವಮಂಗಳಾಗೆ,

ನನ್ನ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ, ಅದನ್ನೇ ಬರೆದು ಹಾಳೆ ತುಂಬಿಸುವುದಿಲ್ಲ. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ತಮ್ಮ ಕುಮಾರ ಬಾಯಿ ಬಿಡದೆ ಹಾಗೇ ಇದ್ದಾನೆ. ಇಷ್ಟು ಕ್ಷೇಮಸಮಾಚಾರ ಸಾಕು.

ನಿನ್ನ ಕಾಗದ ಮಂಗಳವಾರ ಬಂತು. ಕುಮಾರನ ಮಗಳು ಮೋನಿಕಾಳನ್ನು ಆಲೂರಿಗೆ ಕಳಿಸಿ, ನನ್ನ ಮೋಹಿತ್ ಹೋಗುವ ಕಾನ್ವೆಂಟಿಗೇ ನಾಲ್ಕನೇ ಕ್ಲಾಸಿಗೆ ಸೇರಿಸುತ್ತೇನೆ, ಈ ತಿಂಗಳೊಳಗೆ ಟಿ.ಸಿ. ತೆಗೆಸಿಡಿ ಎಂದು ಬರೆದಿದ್ದೀಯ. ಎರಡು ಸಲ ಓದಿದೆ. ಓದಿಸುವುದಕ್ಕೇ ಕರೆಯುತ್ತಿದ್ದೀಯೋ, ನೀನು ಪಾಠ ಮಾಡಲು ಹೋದ ಮೇಲೆ ನಿನ್ನ ಅತ್ತೆಗೆ ಬಿಸಿನೀರು ಕಾಯಿಸಿಕೊಡಲು ಒಂದು ಕೈ ಬೇಕಾಗಿದೆಯೋ? ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೇನು. ಒಂಬತ್ತು ವರ್ಷದ ಹುಡುಗಿಯನ್ನು ಯಾರು ಕರೆದರೂ ಯಾಕೆ ಅಂತ ಕೇಳುವವಳು ನಾನು.

ಆದರೆ ಕಳಿಸದೆ ಇಟ್ಟುಕೊಂಡರೆ ಇವಳಿಗೆ ಶಾಲೆ ಇರುತ್ತದೋ ಇಲ್ಲವೋ, ಅದು ಈ ತಿಂಗಳ ಕೊನೆಗೆ ಗೊತ್ತಾಗುತ್ತದೆ. ಹೋದ ವರ್ಷ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮೂವತ್ತೊಂದು ಮಕ್ಕಳಿದ್ದವು. ಈಗ ಹದಿಮೂರು. ಇನ್ನೂ ಇಳಿದರೆ ಬಾಗಿಲು ಹಾಕಿ ಮಕ್ಕಳನ್ನು ಹಾನುಬಾಳಿಗೆ ಸೇರಿಸುತ್ತಾರಂತೆ. ಎರಡು ಹಳ್ಳ ದಾಟಿ ನಾಲ್ಕು ಮೈಲಿ. ಜೀಪಿನ ಬಾಡಿಗೆ ಕುಮಾರನ ಕೈಯಲ್ಲಿ ಆಗುವುದಿಲ್ಲ, ಅವನ ಹೆಂಡತಿ ಹುಡುಗಿಯನ್ನು ಒಬ್ಬಳೇ ಕಳಿಸುವುದಿಲ್ಲ. ಅಲ್ಲಿಗೆ ಮೋನಿಕಾಳ ಓದು ಮುಗಿಯಿತು, ನನ್ನದು ಮುಗಿದ ಹಾಗೆ. ಇದ್ದಕ್ಕಿದ್ದ ಹಾಗೆ ಶಾಲೆಗೆ ಏನಾಯಿತು ಅಂತ ಕೇಳಿದ್ದೀಯ. ಹೇಳುತ್ತೇನೆ. ನಿನ್ನ ಗಂಡನ ಮುಂದೆ ಓದಬೇಡ.

ಹೋದ ಡಿಸೆಂಬರಿನಲ್ಲಿ, ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿದ್ದಾಗ, ನಮ್ಮ ಟೀಚರು ರಾಜಲಕ್ಷ್ಮಮ್ಮ ಒಂದು ಕಟ್ಟು ಫಾರಂ ಹಿಡಿದು ಮನೆಮನೆಗೆ ಬಂದಳು. ಊರಿನ ಅರ್ಧಕ್ಕಿಂತ ಹೆಚ್ಚು ಮನೆ ಬಡವರದು ಅಂತ ಆದರೆ ಶಾಲೆಗೆ ಇನ್ನೊಬ್ಬ ಮೇಷ್ಟ್ರು, ಒಂದು ಹೊಸ ಕೋಣೆ ಬರುತ್ತದೆ ಅಂದಳು. ನನಗೆ ಆಗಲೇ ಅನುಮಾನ ಹತ್ತಿತು. ನಾವು ಬಡವರಾದರೆ ಇವಳಿಗೇನು ಲಾಭ? ಇನ್ನೊಂದು ವಿಷಯವೂ ನನ್ನ ತಲೆ ತಿನ್ನುತ್ತಿತ್ತು. ಇವಳು ತನ್ನ ಮಗಳು ಸ್ನೇಹಾಳನ್ನು ನಮ್ಮ ಶಾಲೆಗೇ ಹಾಕಿದ್ದಾಳೆ. ಟೀಚರುಗಳ ಬುದ್ಧಿ ನನಗೆ ಗೊತ್ತು, ಮನೆಯಲ್ಲೇ ಒಬ್ಬಳನ್ನು ಸಾಕಿದ್ದೇನೆ. ನೀನು ಸರ್ಕಾರಿ ಶಾಲೆಯಲ್ಲಿ ಊರವರ ಮಕ್ಕಳಿಗೆ ಕಲಿಸಿ ಸಂಬಳ ತಗೊಂಡು, ನಿನ್ನ ಮಗನಿಗೆ ಟೈ ಕಟ್ಟಿ ಕಾನ್ವೆಂಟಿನ ವ್ಯಾನ್ ಹತ್ತಿಸುತ್ತೀಯ. ಹಾಗಿರುವಾಗ ಇವಳೊಬ್ಬಳು ತನ್ನ ಮಗಳನ್ನು ನಮ್ಮ ಮಕ್ಕಳ ಜೊತೆ ನೆಲದ ಮೇಲೆ ಕೂರಿಸಿದ್ದಾಳೆ ಅಂದರೆ ಒಳಗೆ ಏನೋ ಇದೆ ಅಂದುಕೊಂಡೆ.

ಫಾರಂನಲ್ಲಿ ಎಂಥ ಪ್ರಶ್ನೆಗಳು ಅಂತೀಯ. ದಿನಕ್ಕೆ ಎಷ್ಟು ಹೊತ್ತು ಊಟ? ಕೂಲಿಗೆ ಹೋಗುವವರು ಯಾರು? ಮನೆಯ ಹೆಂಗಸರಿಗೆ ಸೀರೆ ಎಷ್ಟು? ಕಾಫಿ ಹರಡುತ್ತಿದ್ದವಳು ಎದ್ದು ನಿಂತೆ. "ಸೀರೆನಾ? ಎರಡು ಟ್ರಂಕ್ ತುಂಬ ಐತೆ. ತಗ್ದು ಎಣಿಸ್ತೀಯಾ?" ಅಂದೆ. ಅವಳು ನಗಲಿಲ್ಲ. "ಅಮ್ಮಾ, ನೀವು ಹೇಳಿದ್ದನ್ನೇ ನಾನು ಬರೀಬೇಕು, ಕೆಳಗೆ ನಿಮ್ಮದೇ ಸೈನ್. ಸ್ವಲ್ಪ ಯೋಚನೆ ಮಾಡಿ ಹೇಳಿ" ಅಂದಳು. "ಯೋಚ್ನೆ ಮಾಡಕ್ಕೆ ನಾನೇನು ಕದ್ದಿದೀನಾ? ಬರ್ಕೋ. ಮೂರು ಹೊತ್ತು ಊಟ. ಕೂಲಿಗೆ ಯಾರೂ ಹೋಗಲ್ಲ" ಅಂದು ಸಹಿ ಗೀಚಿದೆ. ಟ್ರಂಕುಗಳಲ್ಲಿ ಇದ್ದದ್ದು ಗೋಣಿಚೀಲ, ನಿಮ್ಮಪ್ಪನ ಹಳೇ ಕಂಬಳಿ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮನೆ ಹೋಗುತ್ತಿತ್ತು. ನಾನು ಅವಳಿಗಿಂತ ಮುಂಚೆ ಊರೆಲ್ಲ ಸುತ್ತಿದೆ. ಬಡವರು ಅಂತ ಬರೆಸಿದರೆ ನಾಳೆ ಸೊಸೈಟಿಯಲ್ಲಿ ಗೊಬ್ಬರ ಕೊಡುವುದಿಲ್ಲ, ನಮ್ಮೂರ ಗಂಡುಗಳಿಗೆ ಹೆಣ್ಣು ಕೊಡುವುದಿಲ್ಲ ಅಂತ ಹೆದರಿಸಿದೆ. ಕೆಳಗಿನ ಮನೆ ಹುಲಿಯಮ್ಮ ನಿನಗೆ ಗೊತ್ತಲ್ಲ, ಇಬ್ಬರು ಮೊಮ್ಮಕ್ಕಳನ್ನು ಒಬ್ಬಳೇ ಸಾಕುತ್ತಿರುವವಳು. ಅವಳು ಮನೆಯಲ್ಲಿ ಮಿಕ್ಸಿ ಇದೆ ಅಂತ ಬರೆಸಿದಳು. "ಕರೆಂಟೇ ಇಲ್ಲದ ಮನೇಲಿ ಮಿಕ್ಸಿ ಏನ್ ಮಾಡುತ್ತೆ ಹುಲಿಯಮ್ಮ?" ಅಂತ ಟೀಚರು ಕೇಳಿದಳಂತೆ. "ಕುಂತೈತೆ ಬುಡಿ. ಕರೆಂಟು ಬಂದಾಗ ತಿರುಗ್ತೈತೆ" ಅಂದು ಹೆಬ್ಬೆಟ್ಟು ಒತ್ತಿದಳಂತೆ. ಆವತ್ತು ನಾವೆಲ್ಲ ಅದನ್ನೇ ಹೇಳಿಕೊಂಡು ನಕ್ಕೆವು.

ಮಾರ್ಚಿನಲ್ಲಿ ಪಟ್ಟಿ ಬಂತು. ಇಪ್ಪತ್ತೆರಡು ಮನೆಗಳಲ್ಲಿ ಬಡವರ ಮನೆ ಏಳು. ಮೇಷ್ಟ್ರೂ ಬರಲಿಲ್ಲ, ಕೋಣೆಯೂ ಬರಲಿಲ್ಲ. ಐದು ಕ್ಲಾಸಿಗೆ ಒಬ್ಬಳೇ ಟೀಚರು, ಅವಳು ಮೀಟಿಂಗಿಗೆ ಹೋದ ದಿನ ಶಾಲೆಗೆ ಬೀಗ. ಈ ಜೂನ್ ಬರುವಷ್ಟರಲ್ಲಿ ಹಾನುಬಾಳಿನ ಅಕ್ರಂ ತನ್ನ ಜೀಪು ತಂದು ನಮ್ಮ ಅರಳಿಕಟ್ಟೆಗೆ ನಿಲ್ಲಿಸಿದ. ಅಲ್ಲಿನ ಕಾನ್ವೆಂಟಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಮೊದಲು ಹತ್ತಿಸಿದರು. ಅವರನ್ನು ನೋಡಿ ಇಲ್ಲದವರೂ ಕರು ಮಾರಿ ಹತ್ತಿಸಿದರು.

ನಾನು ಊರಿಗೆಲ್ಲ ಹೇಳಿದ್ದು ಬೇರೆ. ಕೋಣೆ ದುಡ್ಡನ್ನು ಟೀಚರು ನುಂಗಿದಳು ಅಂತ. ಯಾರೋ ಒಂದು ಮೂಗರ್ಜಿಯನ್ನೂ ಬರೆದು ಸಕಲೇಶಪುರದ ಆಫೀಸಿಗೆ ಹಾಕಿದರು, ಹೆಸರಿಲ್ಲ, ಸಹಿ ಇಲ್ಲ. ಯಾರು ಬರೆದರೋ. ಊರು ಅಂದ ಮೇಲೆ ಎಲ್ಲ ತರದವರೂ ಇರುತ್ತಾರೆ.

ಅದರ ಮೇಲೆ ಹೋದ ಸೋಮವಾರ ದ್ಯಾವಯ್ಯ ಅಂತ ಒಬ್ಬ ಆಫೀಸರು ಬಂದರು. ಶಾಲೆಯ ಜಗಲಿ ಮೇಲೆ ನಮ್ಮನ್ನೆಲ್ಲ ಕೂರಿಸಿ, ಶಾಲೆಯ ಲೆಕ್ಕದ ಪುಸ್ತಕ ತೆಗೆಸಿ ನೋಡಿ, ಬರದೆ ಇರುವ ದುಡ್ಡನ್ನು ಯಾರು ತಿನ್ನುತ್ತಾರೆ ಅಂದರು. ನೀವೇ ಬರೆಸಿದ ಪ್ರಕಾರ ಈ ಊರಲ್ಲಿ ಅಂಥ ಬಡವರಿಲ್ಲ ಅಂತ ಫಾರಂ ಕಟ್ಟನ್ನು ಮೇಜಿನ ಮೇಲೆ ಹಾಕಿದರು. ಆಮೇಲೆ ಮೂಗರ್ಜಿಯನ್ನು ಟೀಚರ ಕೈಗೆ ಕೊಟ್ಟು, ಬರಹ ಯಾರದು ಗೊತ್ತಾ ಅಂತ ಕೇಳಿದರು. ಅವಳು ಹಾಳೆಯನ್ನು ಒಂದು ಸಲ ನೋಡಿದಳು. ಪೂರ್ತಿ ಓದಲೂ ಇಲ್ಲ. ನಾಲ್ಕು ಮಡಿಕೆ ಮಾಡಿ ವಾಪಸ್ ಕೊಟ್ಟು "ಗೊತ್ತಿಲ್ಲ ಸಾರ್" ಅಂದಳು. ಅಷ್ಟು ಬೇಗ ಗೊತ್ತಿಲ್ಲ ಅನ್ನುವವರಿಗೆ ಏನೋ ಗೊತ್ತಿರುತ್ತದೆ.

ಆಫೀಸರು ಏಳುವಾಗ ಒಂದು ಮಾತು ಹೇಳಿದರು. ತಪ್ಪು ಬರೆಸಿದವರು ಮೂವತ್ತನೇ ತಾರೀಖಿನೊಳಗೆ ತಾವೇ ಶಾಲೆಗೆ ಬಂದು, ಎಲ್ಲರೆದುರು ಹೊಸ ಫಾರಂಗೆ ಸಹಿ ಹಾಕಿದರೆ ಮೇಷ್ಟ್ರು, ಕೋಣೆಯ ವಿಷಯ ಮತ್ತೆ ನೋಡಬಹುದಂತೆ. ಯಾರೂ ಎದ್ದೇಳಲಿಲ್ಲ. ಹುಲಿಯಮ್ಮ ನನ್ನ ಮುಖ ನೋಡಿದಳು. ಆಮೇಲೆ ಎಲ್ಲರೂ ನೋಡಿದರು. ನಾನು ನನ್ನ ಮಂಡಿ ಉಜ್ಜಿಕೊಂಡೆ.

ಹೊರಗೆ ಅಕ್ರಂ ಜೀಪಿಗೆ ಒರಗಿ ನಿಂತಿದ್ದ. "ಏನಮ್ಮಾ, ಸಾವ್ಕಾರ್ರ ಮೀಟಿಂಗ್ ಮುಗೀತಾ?" ಅಂದ. "ಊರ ಮಕ್ಕಳ್ನೆಲ್ಲ ಹೊತ್ಕೊಂಡು ಹೋಗೋನು ನೀನು, ನನ್ನ ಆಡ್ಕೋತೀಯೇನೋ?" ಅಂದೆ. "ನಾನೆಲ್ಲಿ ಹೊತ್ಕೊಂಡೋದೆ ಕಣಮ್ಮ! ನೀವೆಲ್ಲ ಒಂದೇ ದಿನಕ್ಕೆ ಸಾವ್ಕಾರ್ರಾಗ್ಬುಟ್ರಿ. ನನ್ ಜೀಪು ತುಂಬ್ಸಿದ್ದು ನಿಮ್ ಟ್ರಂಕು" ಅಂದ. ಟ್ರಂಕಿನ ವಿಷಯ ಅವನವರೆಗೂ ಹೋಗಿದೆ! ಕೊಡೆಯಲ್ಲಿ ಬಾರಿಸೋಣ ಅನ್ನಿಸಿತು. ಅವನು ಹೇಳಿದ್ದು ಸುಳ್ಳಾಗಿದ್ದರೆ ಬಾರಿಸುತ್ತಿದ್ದೆ.

ಅದೇ ಸಿಟ್ಟಿನಲ್ಲಿ ವಾಪಸ್ ಹೋಗಿ, ನಿನ್ನ ಮಗಳನ್ನು ಯಾಕೆ ಇಲ್ಲಿ ಹಾಕಿದ್ದೀಯ, ನಿಜ ಹೇಳು ಅಂತ ಟೀಚರನ್ನೇ ಕೇಳಿದೆ. "ಏಳೂವರೆ ಬಸ್ಸಿಗೆ ನಾನು ಹೊರಟುಬಿಟ್ಟರೆ ಇವಳನ್ನ ಯಾರ ಹತ್ರ ಬಿಡ್ಲಿ ಅಮ್ಮಾ? ಜೊತೇಲೇ ಕರ್ಕೊಂಡು ಬರ್ತೀನಿ" ಅಂದಳು. ನಾನು ಆರು ತಿಂಗಳು ತಲೆ ಕೆಡಿಸಿಕೊಂಡದ್ದಕ್ಕೆ ಇಷ್ಟೇ ಉತ್ತರ, ಒಂದು ಬಸ್ಸಿನ ಟೈಮು.

ಈಗ ನಿನಗೆ ಗೊತ್ತಿಲ್ಲದ ಎರಡು ವಿಷಯ ಬರೆಯುತ್ತೇನೆ. ತಂಗಿಯನ್ನು ಆಡಿಸುವುದಕ್ಕೆ ನನ್ನನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದರು ಅಂತ ಹೇಳಿಕೊಂಡು ಬಂದಿದ್ದೇನಲ್ಲ, ಅದು ಸುಳ್ಳು. ಒಂದು ದಿನ ನಮ್ಮ ಮೇಷ್ಟ್ರು ಬಟ್ಟೆ ತಂದು ಮೇಜಿನ ಮೇಲಿಟ್ಟು, ಬಡವರ ಮಕ್ಕಳು ಎದ್ದು ಮುಂದಕ್ಕೆ ಬನ್ನಿ ಅಂದರು. ಹಸಿರು ಬಟ್ಟೆ. ನನಗೆ ಆಸೆಯಾಯಿತು, ಎದ್ದು ಹೋದೆ. ಮನೆಗೆ ಕುಣಿದುಕೊಂಡು ಬಂದು ಅಪ್ಪನಿಗೆ ತೋರಿಸಿದೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಬಟ್ಟೆಯನ್ನು ಮಡಿಸಿ ತಗೊಂಡು ಹೋಗಿ ಮೇಷ್ಟ್ರಿಗೆ ವಾಪಸ್ ಕೊಟ್ಟು, ಶಾಲೆಯಲ್ಲಿದ್ದ ನನ್ನ ಸ್ಲೇಟು ಹಿಡಿದುಕೊಂಡು ಬಂದರು. ಮಾರನೇ ದಿನದಿಂದ ನಾನು ಹೋಗಲಿಲ್ಲ. ಐವತ್ತು ವರ್ಷದ ಮೇಲಾಯಿತು. ಟೀಚರು ಸೀರೆ ಎಣಿಸಲು ಬಂದಾಗ ಆ ಮೇಜೇ ಕಣ್ಣ ಮುಂದೆ ಬಂತು.

ಎರಡನೆಯದು. ಕಾಫಿಗೆ ಬೆಲೆ ಬಿದ್ದ ಮೇಲೆ ನಮ್ಮ ಒಂದು ಎಕರೆಯಿಂದ ಏನೂ ಏಳುವುದಿಲ್ಲ. ಮೂರು ವರ್ಷದಿಂದ ನಾನು ರುದ್ರಯ್ಯನವರ ಎಸ್ಟೇಟಿಗೆ ಹಣ್ಣು ಕೊಯ್ಯಲು ಕೂಲಿಗೆ ಹೋಗುತ್ತಿದ್ದೇನೆ, ಮುಖ ಕಾಣದ ಹಾಗೆ ಗೋಣಿ ಹೊದ್ದುಕೊಂಡು. ಕೂಲಿ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ನನ್ನ ಹೆಸರು ನಂಜಮ್ಮ ಅಂತ ಬರೆಸಿದ್ದೇನೆ, ನಿನ್ನ ಬೀಗರ ಕಿವಿಗೆ ಬೀಳಬಾರದು ಅಂತ.

ಆದ್ದರಿಂದ ಮೋನಿಕಾಳ ಟಿ.ಸಿ. ತೆಗೆಸುವುದಿಲ್ಲ. ನಾಳೆ ಬೆಳಿಗ್ಗೆ ನಾನೇ ಶಾಲೆಗೆ ಹೋಗಿ ಎಲ್ಲರೆದುರು ಬರೆಸುತ್ತೇನೆ. ಸೀರೆ ನಾಲ್ಕು, ಅದರಲ್ಲಿ ಒಂದು ನೀನು ಕೊಟ್ಟದ್ದು, ಇನ್ನೂ ಉಟ್ಟಿಲ್ಲ. ಕೂಲಿ ಉಂಟು. ಕೆಲಸ ಇಲ್ಲದ ತಿಂಗಳಲ್ಲಿ ಊಟ ಎರಡು ಹೊತ್ತು. "ನೀವು ಬರೆಸಿದ್ರೆ ನಾನೂ ಮಿಕ್ಸಿ ಹೊರಕ್ಕೆ ಹಾಕ್ತೀನಿ" ಅಂದಿದ್ದಾಳೆ ಹುಲಿಯಮ್ಮ. ಅರ್ಧ ದಾಟಬೇಕಾದರೆ ಏಳರ ಜೊತೆಗೆ ಇನ್ನೂ ಐದು ಮನೆ ಬೇಕು. ನಮ್ಮಿಬ್ಬರದು ಎರಡಾಯಿತು. ಉಳಿದ ಮೂರಕ್ಕೆ ನೀನು ಬೇಕು. ಮುಂದಿನ ಭಾನುವಾರ ಬಂದು ಮನೆಮನೆಗೆ ಫಾರಂ ಓದಿ ಹೇಳು. ಟೀಚರು ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಡಿ ಅಂತ ನಾನೇ ಹೇಳಿಟ್ಟಿದ್ದೇನೆ. ಮೋಹಿತನನ್ನೂ ಕರೆದುಕೊಂಡು ಬಾ. ಬೀಗರಿಗೆ ಗೊತ್ತಾದರೆ ಆಗಲಿ. ಬರುವುದಿಲ್ಲ ಅಂತಾದರೆ ಜ್ವರ ಗಿರ ಅಂತ ನೆವ ಬರೆಯಬೇಡ, ಬರುವುದಿಲ್ಲ ಅಂತಲೇ ಬರೆ.

ನಿನ್ನ ಅವ್ವ,
ಲಿಂಗಮ್ಮ
(ಎಸ್ಟೇಟಿನಲ್ಲಿ ನಂಜಮ್ಮ)

ಬರೆಯದೆ ಬಿಟ್ಟದ್ದು: ಈ ಹಾಳೆಗಳ ಎಡಗಡೆ ಎರಡು ಕೆಂಪು ಗೆರೆ ಇವೆ ನೋಡು. ಇವು ಮೋನಿಕಾಳ ಹಳೇ ನೋಟ್‌ಬುಕ್ಕಿನವು. ಎಲ್ಲ ಮಕ್ಕಳ ಪುಸ್ತಕಕ್ಕೂ ರಾಜಲಕ್ಷ್ಮಮ್ಮನವರು ತಾವೇ ಕೂತು ಗೆರೆ ಹಾಕಿಕೊಡುತ್ತಾರೆ. ಉಳಿದ ಮಕ್ಕಳಿಗೆ ಒಂದೇ ಗೆರೆ. ಅಂಚು ಮೀರಿ ಬರೆಯುತ್ತಾಳೆ ಅಂತ ಇವಳೊಬ್ಬಳಿಗೆ ಎರಡು. ಆ ಮೂಗರ್ಜಿಯನ್ನು ಇದೇ ಪುಸ್ತಕದಿಂದ ಹರಿದ ಹಾಳೆಯಲ್ಲಿ ಬರೆದದ್ದು ನಾನು. ಆಫೀಸರು ಎತ್ತಿ ಹಿಡಿದಾಗ ಎರಡು ಗೆರೆ ನನಗೆ ಜಗಲಿಯ ಈ ತುದಿಗೇ ಕಂಡವು. ಕೈಯಲ್ಲಿ ಹಿಡಿದ ರಾಜಲಕ್ಷ್ಮಮ್ಮನವರಿಗೆ ಕಾಣಲಿಲ್ಲವೇ? ಯಾಕೆ ಹೇಳಲಿಲ್ಲ ಅಂತ ಆರು ದಿನದಿಂದ ನನಗೆ ಅನುಮಾನ. ನಿನ್ನೆ ಮೋನಿಕಾ ಹೊಸ ಪುಸ್ತಕ ತಂದಳು. ಅವಳು ಆಡಲು ಹೋದಾಗ ತೆಗೆದು ನೋಡಿದೆ. ಕೊನೇ ಹಾಳೆಯವರೆಗೂ ಎರಡು ಗೆರೆ ಹಾಕಿದ್ದಾರೆ. ಈ ಸಲ ಮೂಲೆಯಲ್ಲಿ ಪುಟದ ನಂಬರೂ ಹಾಕಿದ್ದಾರೆ.