ಕೈ ಎತ್ತಿ ಅಂದಾಗ

ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗೀ,

ನಿನ್ನ ಕಾಗದಗಳು ಒಂದರ ಮೇಲೊಂದು ಬಂದು ಬಿದ್ದಿದ್ದರೂ ನಾನು ಕಲ್ಲಿನ ಹಾಗೆ ಕೂತಿದ್ದೆ. ಬೈದುಕೋ, ಆದರೆ ಓದು. ಮೊದಲು ನಿನಗೆ ಬೇಕಾದ ಸುದ್ದಿ: ನೀನು ತಂದುಕೊಟ್ಟ ನಾಯಿ, ನಮ್ಮ ಪುಕ್ಕಲ, ಬದುಕಿದ್ದಾನೆ. ಹೊಟ್ಟೆಗೆ ಉದ್ದಕ್ಕೂ ಹೊಲಿಗೆ, ಅದನ್ನು ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಲಾಳಿಕೆ. ಕನ್ನಡಿಯಲ್ಲಿ ತನ್ನನ್ನೇ ನೋಡಿ ಬೆದರಿ ಮಂಚದ ಕೆಳಗೆ ಸೇರಿದ್ದಾನೆ.

ಕಾಯಿಲೆ ಏನೆಂದು ನೀನು ಕೇಳಿದ್ದೆ. ಮೂತ್ರಪಿಂಡದ ಪಕ್ಕದಲ್ಲಿ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಯಿದೆ. ಹೆದರಿದಾಗ ಎದೆ ಡವಗುಟ್ಟುವುದು ಅದರ ರಸದಿಂದ. ಇವನಿಗೆ ಅಲ್ಲೇ ಗಡ್ಡೆ ಬೆಳೆದಿತ್ತು. ಸುಮ್ಮನೆ ಮಲಗಿದ್ದಾಗಲೂ ಏದುಸಿರು, ನಡೆಯುತ್ತ ನಡೆಯುತ್ತಲೇ ಕುಸಿದುಬೀಳುವುದು. ಗಡ್ಡೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ಕೊಯ್ಯುವವರು ನಿನ್ನ ಭಾವ, ಅರಿವಳಿಕೆ ಕೊಡುವವಳು ನಾನು, ಎಂದಿನಂತೆ.

ಈ ಗಡ್ಡೆ ಮಹಾ ಸಿಡುಕಿನದು. ಬೆರಳು ತಾಗಿದರೆ ಸಾಕು, ರಕ್ತದೊತ್ತಡ ಆಕಾಶಕ್ಕೇರುತ್ತದೆ, ಹೃದಯ ತಾಳ ತಪ್ಪುತ್ತದೆ. ವಾರಗಟ್ಟಲೆ ಮಾತ್ರೆ ನುಂಗಿಸಿದ್ದರೂ ನಂಬುವ ಹಾಗಿಲ್ಲ. ಅದಕ್ಕೇ ನಮ್ಮಿಬ್ಬರಲ್ಲಿ ಮದುವೆಗಿಂತ ಹಳೆಯದೊಂದು ಕಟ್ಟಳೆ: ನಾನು ‘ಕೈ ಎತ್ತಿ’ ಅಂದರೆ ಅವರು ಎರಡೂ ಕೈ ಹೊರಗೆ ತೆಗೆಯಬೇಕು, ನಾನು ‘ಹೂಂ’ ಅನ್ನುವ ತನಕ ಮುಟ್ಟಬಾರದು. ಯಾಕೆ ಏನು ಅಂತ ಕೇಳುವ ಹಾಗಿಲ್ಲ. ಮನೆಯಲ್ಲಿ ನನ್ನ ಒಂದು ಮಾತೂ ಕಿವಿಗೆ ಹಾಕಿಕೊಳ್ಳದ ಮನುಷ್ಯ ಅಲ್ಲಿ ಮಾತ್ರ ಕೇಳುತ್ತಿದ್ದರು. ನಮ್ಮ ಸಂಸಾರ ನಿಂತಿದ್ದೇ ಅದರ ಮೇಲೆ ಅಂದುಕೋ.

ಅವತ್ತು ನೋಡಲು ಜನ ಬಂದಿದ್ದರು. ದೊಡ್ಡ ಪಶುವೈದ್ಯ ಕಾಲೇಜಿನ ಪ್ರೊಫೆಸರು, ಅವರ ಹಿಂದೆ ಗೋಡೆಗೆ ಒತ್ತಿಕೊಂಡು ವಿದ್ಯಾರ್ಥಿಗಳು, ಅವರಲ್ಲಿ ನಮ್ಮ ಮಗಳೂ ಇದ್ದಳು. ನಿನ್ನ ಭಾವನ ತಲೆ ಮೇಲೆ ಹೊಸ ಹೂಹೂವಿನ ಟೋಪಿ! ಕೂದಲು ಉದುರಿ ಯಾವ ಕಾಲವಾಯಿತು, ಟೋಪಿಯ ಶೋಕಿ ನೋಡು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಇವರಿಗೆ ಬಂದಿದ್ದು ಬರೀ ನಾಲ್ಕು ಜನ ಪ್ರೇಕ್ಷಕರು. “ಇಲ್ಲಿ ಗುಂಡಿಗೆ ಗಟ್ಟಿ ಇರ್ಬೇಕು ನೋಡಿ” ಅಂತ ಭಾಷಣ ಬೇರೆ. ಮೇಜಿನ ಮೇಲೆ ಮಲಗಿದ್ದವನ ಗುಂಡಿಗೆಯ ಯೋಚನೆ ಮಾತ್ರ ಇರಲಿಲ್ಲ.

ಅವರು ಗಡ್ಡೆಗೆ ಕೈ ಹಾಕಿದ್ದೇ ಒತ್ತಡ ಏರಿತು. “ಕೈ ಎತ್ತಿ” ಅಂದೆ. ಅವರ ಕಿವಿ ಕೆಂಪಾಯಿತು, ಕೈ ಏಳಲಿಲ್ಲ. ಮತ್ತೆ ಅಂದೆ. “ಒಂದ್ನಿಮಿಷ ಇರೇ, ಬಂದೇಬಿಡ್ತು” ಅಂದರು. ಯಂತ್ರ ಕಿರುಚತೊಡಗಿತು, ಪುಕ್ಕಲನ ನಾಡಿ ನನ್ನ ಬೆರಳಿನಡಿ ದಿಕ್ಕೆಟ್ಟು ಓಡುತ್ತಿತ್ತು. ಔಷಧ ತಳ್ಳುತ್ತಲೇ ಇನ್ನೊಮ್ಮೆ ಕೂಗಿದೆ. ಆಗ ಪ್ರೊಫೆಸರು ಮೆಲ್ಲಗೆ, “ಸ್ವಲ್ಪ ಕೈ ತೆಗೀಬಹುದಲ್ವಾ?” ಅಂದರು ನೋಡು, ಕೆಂಡ ಮುಟ್ಟಿದವರ ಹಾಗೆ ಎರಡೂ ಕೈ ಮೇಲೆ! “ಖಂಡಿತ ಸರ್, ಒಳ್ಳೇ ಮಾತು ಹೇಳಿದ್ರಿ.” ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಒತ್ತಡ ಇಳಿಯಿತು, ನಾನು ‘ಹೂಂ’ ಅಂದೆ, ಗಡ್ಡೆ ಹೊರಬಂತು. ಈಗ ಅದು ಶೀಶೆಯೊಳಗೆ ನಮ್ಮ ಟಿವಿ ಪಕ್ಕದಲ್ಲಿ ಕೂತಿದೆ. ಬಂದವರಿಗೆಲ್ಲ ಅದನ್ನು ತೋರಿಸಿ, “ಪ್ರೊಫೆಸರು ಸರಿಯಾದ ಹೊತ್ತಿಗೆ ಎಚ್ಚರಿಸಿದ್ರು” ಅಂತ ಹೇಳಿಕೊಳ್ಳುತ್ತಾರೆ. ಮುಂದಿನ ಆಪರೇಷನ್ನಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದೆ. “ಯಾಕೆ, ಹುಷಾರಿಲ್ವಾ?” ಅಂದರು. ಇಂಥವರ ಮೇಲೆ ಸಿಟ್ಟು ಮಾಡುವುದೂ ದಂಡ ಕಣೇ. ಸಿಟ್ಟಿಗೂ ಒಂದು ಯೋಗ್ಯತೆ ಬೇಡವೇ?

ಮಗಳು ಚೆನ್ನಾಗಿದ್ದಾಳೆ. ಪರೀಕ್ಷೆ ಹತ್ತಿರ ಬಂತು ಅಂತ ಕೋಣೆಯಲ್ಲೇ ಊಟ. ನಿನ್ನ ಮಕ್ಕಳಿಗೆ ನನ್ನ ಮುತ್ತು. ನೀನು ಒಂದು ಮಾತು ಆಡಿದರೆ ತಿರುಗಿ ನೋಡುವವರು ನಿನ್ನ ಮನೆ ತುಂಬ ಇರಲಿ.

ನಿನ್ನ ಅಕ್ಕ

ತಾ.ಕ.: ಇದು ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಕೊನೆಯ ಸಲ ಕೂಗಿದಾಗ ನಿನ್ನ ಭಾವ ಪ್ರೊಫೆಸರ ಕಡೆ ತಿರುಗಿ, “ಮನೇಲೂ ಇವಳದ್ದು ಇದೇ ರಾಗ ಸರ್” ಅಂದರು. ಗೋಡೆಯ ಕಡೆಯಿಂದ ನಗು ಬಂತು. ಮೊದಲು ನಕ್ಕವಳು ನಮ್ಮ ಮಗಳು. ಎಲ್ಲರ ಬಾಯಿಗೂ ಮುಖಗವಸು ಇತ್ತಲ್ಲ, ಅಮ್ಮನಿಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದಾಳೆ. ಹೋದ ತಿಂಗಳವರೆಗೂ “ನಿನ್ನ ಹಾಗೇ ಅರಿವಳಿಕೆ ಕಲೀತೀನಮ್ಮಾ” ಅನ್ನುತ್ತಿದ್ದಳು. ಈಗ ಸರ್ಜನ್ ಆಗುತ್ತಾಳಂತೆ.