ಅರ್ಜಿಯೊಳಗಿನ ಚಿರತೆ

ಪರಿಧಾವಿ ಸಂವತ್ಸರ, ಜ್ಯೇಷ್ಠ ಶುದ್ಧ ದಶಮಿ. ಕೊಂಡ್ಲಹಳ್ಳಿ.

ಅಂತೂ ಅಕ್ಕನ ಮಗ ಪಾಲಯ್ಯನ ಅರ್ಜಿ ಮುಗಿಯಿತು. ಮದರಾಸಿನ ದನದ ವೈದ್ಯದ ಕಾಲೇಜಿಗೆ ತನ್ನ ವಿಷಯ ತಾನೇ ಒಂದು ಪುಟ ಬರೆಯಬೇಕಂತೆ. ಅದು ಅಲ್ಲಿಯವರ ಮನಸ್ಸಿಗೆ ಬಂದರೆ ಮಾತ್ರ ಸೇರಿಸಿಕೊಳ್ಳುವುದಂತೆ. ನಮ್ಮ ಹಟ್ಟಿಯಿಂದ ಯಾರೂ ಅಷ್ಟು ದೂರ ಓದಲು ಹೋದವರಿಲ್ಲ.

ಮೊದಲು 'ವಿದ್ಯೆಯೇ ಪರಮ ಧನ' ಎಂದು ಶುರುಮಾಡಿದ್ದ.

"ಲೇ, ಇದನ್ನ ಯಾವ ಶಾನುಭೋಗನ ಮಗನಾದ್ರೂ ಬರೀತಾನೆ. ನೀನು ದೇವರ ಎತ್ತು ಕಾಯೋ ಕಿಲಾರಿ ಮಗ. ದನ ಮೇಯೋ ಕಾವಲಿಗೆ ಚಿರತೆ ಬಂದಿದ್ದು ಬರಿ," ಎಂದು ನಾನೇ ಹೇಳಿ ಬರೆಸಿದೆ. ನಾನು ಬರೆಸಿದ ಹಾಳೆಯಲ್ಲಿ ಹುಡುಗ ಒಂದೇ ಕೋಲಿನಿಂದ ಚಿರತೆಯನ್ನು ಬ್ರಹ್ಮಗಿರಿ ಬೆಟ್ಟದವರೆಗೆ ಅಟ್ಟಿದ!

ಅಕ್ಕ ಸೂರಮ್ಮ ನಕ್ಕಳು. "ನಿನ್ನ ಬಾಯಿಗೆ ಬಾಗ್ಲೇ ಇಲ್ಲ ಕಣೋ."

ಪಾಲಯ್ಯ ನಗಲಿಲ್ಲ. "ಮಾವ, ದೇವರ ದನದ ವಿಷಯದಾಗೆ ಕಿಲಾರಿ ಸುಳ್ಳಾಡಂಗಿಲ್ಲ. ಅಪ್ಪ ಗುಡಿ ಮುಂದೆ ಆಣೆ ಹಾಕ್ಸೈತೆ," ಎಂದು ಹಾಳೆ ಹರಿದ. ಮತ್ತೆ ಬರೆದು ಓದಿದ. 'ಚಿರತೆ ಕಂಡು ಹೆದರಿ ದನಗಳ ನಡುವೆ ಕೂತೆ. ಅವು ಕೊಂಬು ಹೊರಗೆ ಮಾಡಿ ಸುತ್ತಲೂ ನಿಂತವು. ನಾನು ಅವನ್ನು ಕಾಯಲಿಲ್ಲ, ಅವೇ ನನ್ನನ್ನು ಕಾದವು. ಅವಕ್ಕೆ ರೋಗ ಬಂದಾಗ ಕೈಕಟ್ಟಿ ನಿಲ್ಲಲಾರೆ.'

ಎದೆ ಉಬ್ಬಿತು. ಇನ್ನೊಮ್ಮೆ ಓದಿಸಿ ಕೇಳಿದೆ!

ಬೆಳಗ್ಗೆ ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಈ ಬರಹಕ್ಕೆ ಇಲ್ಲವೆನ್ನುವವನು ಹುಟ್ಟಿಲ್ಲ. ಆದರೂ ನಾನು ಆ ಚಿರತೆಯನ್ನು ಬ್ರಹ್ಮಗಿರಿಯವರೆಗೆ ಓಡಿಸದಿದ್ದರೆ ಇವನಿಗೆ ಸಿಟ್ಟು ಬರುತ್ತಿತ್ತೇ, ನಿಜ ಬರೆಯುತ್ತಿದ್ದನೇ? ಅರ್ಧ ಕಾಲೇಜು ನನ್ನದೇ. ಅಕ್ಕನಿಗೆ ಇದನ್ನು ಹೇಳಿದರೆ ಮತ್ತೆ ನಗುತ್ತಾಳೆ, ಆದರೆ ಸುಳ್ಳೆನ್ನಲಾರಳು.