ಈಥನ್‌ನ ಟೊಪ್ಪಿ, ಅನಘಾಳ ಬೊಟ್ಟು

ಅತ್ತೆ,

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಸಾಲನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಬಿಟ್ಟಿದ್ದೇನೆ. ನೀವು ಹೋಗಿ ವರ್ಷವಾಗುತ್ತ ಬಂತು. ನಿಮಗೆ ಒಂದು ಸುದ್ದಿ ಹೇಳುವುದಿದೆ, ಅದಕ್ಕೂ ಮೊದಲು ಒಂದು ಮಾತು ಕೇಳುವುದಿದೆ. ಕೇಳುವುದು ಹೊಟ್ಟೆಕಿಚ್ಚಿನ ಮಾತು. ನಿಮ್ಮ ಹತ್ತಿರ ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ?

೨೦೧೬ರ ಸೆಪ್ಟೆಂಬರಿನಲ್ಲಿ ಅನಘಾಳನ್ನು ಯೂನಿಯನ್‌ವಿಲ್‌ನ ಕ್ರೈಸ್ತ ಶಾಲೆಗೆ, ಒಂದನೇ ಕ್ಲಾಸಿಗೆ ಸೇರಿಸಿದ ದಿನ ನಿಮಗೆ ನೆನಪಿರಬೇಕು. ಸಂಜೆ ನೀವು ನಡೆದು ಹೋಗಿ ಮೊಮ್ಮಗಳನ್ನು ಕರೆತರಬಹುದು ಎಂದೇ ಆ ಶಾಲೆ ಆರಿಸಿದ್ದು. ನಿಮ್ಮ ಮನೆಯ ಪದ್ಧತಿಗಾಗಿ ನಾವೇನಾದರೂ ಮಾಡಬೇಕೇ ಎಂದು ಪ್ರಿನ್ಸಿಪಾಲ್ ಕೇಳಿದರು. ಏನೂ ಬೇಡ, ನಾವು ಎಲ್ಲದಕ್ಕೂ ಹೊಂದಿಕೊಳ್ಳುತ್ತೇವೆ ಎಂದೆ. ನಮ್ಮವರು ಬೇರೆ ಇನ್ನೇನು ಹೇಳಿಯಾರು? ಪಕ್ಕದ ಕುರ್ಚಿಯಲ್ಲಿ ಮಿರಿಯಮ್ ಇದ್ದಳು, ತೊಡೆಯ ಮೇಲೆ ಮಗ ಈಥನ್. ಅವರು ಯೆಹೂದಿಗಳು. ಅದೇ ಪ್ರಶ್ನೆಗೆ ಅವಳು ನಿಧಾನವಾಗಿ ಒಂದೊಂದೇ ಹೇಳಿದಳು. ಮಗ ತಲೆಯ ಮೇಲಿನ ಪುಟ್ಟ ಟೊಪ್ಪಿ ತೆಗೆಯುವುದಿಲ್ಲ. ಬೆಳಗಿನ ಪ್ರಾರ್ಥನೆಗೆ ಎಲ್ಲರ ಜೊತೆ ನಿಲ್ಲುತ್ತಾನೆ, ಯೇಸುವಿನ ಹೆಸರು ಬಂದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಾನೆ. ಊಟ ಮನೆಯದ್ದು. ಶುಕ್ರವಾರ ಸೂರ್ಯ ಮುಳುಗಿದರೆ ಅವರ ವಾರದ ವ್ರತ ಶುರು, ಅದಕ್ಕೂ ಮೊದಲು ಅವರು ಮನೆ ಸೇರಬೇಕು. ಜಗಳದ ದನಿಯಿಲ್ಲ, ಸಂಕೋಚವೂ ಇಲ್ಲ. ಪ್ರಿನ್ಸಿಪಾಲ್ ಎಲ್ಲದಕ್ಕೂ ಆಗಬಹುದು ಎಂದರು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಡಿಸೆಂಬರಿನ ಕ್ರಿಸ್‌ಮಸ್ ಕಾರ್ಯಕ್ರಮ ಮೊದಲು ಶುಕ್ರವಾರ ಸಂಜೆಗಿತ್ತು. ಈ ಚಳಿದೇಶದಲ್ಲಿ ಆ ತಿಂಗಳು ಐದು ಗಂಟೆಗೆಲ್ಲ ಕತ್ತಲು. ಶಾಲೆಯಲ್ಲಿ ಇನ್ನೂ ಎರಡು ಮೂರು ಯೆಹೂದಿ ಮನೆಗಳಿದ್ದವು. ಮಿರಿಯಮ್ ಹೋಗಿ ಮಾತಾಡಿದಳು, ಕಾರ್ಯಕ್ರಮ ಗುರುವಾರಕ್ಕೆ ಬಂತು. ಅಷ್ಟೂ ಮನೆಯವರು ಬಂದು ಮುಂದಿನ ಸಾಲಿನಲ್ಲಿ ಕೂತರು, ಈಥನ್ ಕುರಿ ಕಾಯುವವನ ಪಾತ್ರ ಮಾಡಿದ, ಟೊಪ್ಪಿ ಹಾಕಿಕೊಂಡೇ. ಆ ವರ್ಷ ದೀಪಾವಳಿಯ ಪೂಜೆಯ ಸಂಜೆ ನಾವು ಅನಘಾಳನ್ನು ಶಾಲೆಯ ಹಾಡಿನ ಅಭ್ಯಾಸಕ್ಕೆ ಕಳಿಸಿದ್ದೆವು. ಯಾರೂ ಬಲವಂತ ಮಾಡಿರಲಿಲ್ಲ. ನಾವೇ...

ಬೆಳಿಗ್ಗೆ ನೀವು ಅವಳ ಹಣೆಗೆ ಬೊಟ್ಟು ಇಡುತ್ತಿದ್ದಿರಿ. ನ್ಯೂಮಾರ್ಕೆಟ್‌ನ ಆಫೀಸಿಗೆ ಹೋಗುವಾಗ ಅವಳನ್ನು ಇಳಿಸುವುದು ನನ್ನ ಕೆಲಸ. ಇಳಿಸುವ ಮೊದಲು ಕಾರಿನಲ್ಲೇ ಒದ್ದೆ ಟಿಶ್ಯೂನಿಂದ ಒರೆಸುತ್ತಿದ್ದೆ. ನಿಮ್ಮಿಂದ ಮುಚ್ಚಿಟ್ಟಿರಲಿಲ್ಲ. ಮುಖಕ್ಕೆ ಬಣ್ಣ ಹಚ್ಚಿ ಬರಬಾರದು ಎಂಬ ನಿಯಮವಿದೆ ಎಂದು ನಿಮಗೂ ಹೇಳಿದ್ದೆ. ನೀವು ದೋಸೆ ಹುಯ್ಯುತ್ತಲೇ ಅಂದಿರಿ: "ಆ ಗಂಡಿನ ಟೊಪ್ಪಿಗೆ ಆತ್ತ್, ನಮ್ಮ ಹೆಣ್ಣಿನ ಬೊಟ್ಟಿಗೆ ಆತಿಲ್ಯಾ? ನೀ ಬಾಯಿ ಬಿಟ್ಟ್ ಕೇಂಡಿದ್ಯಾ?"

ಕೇಳಿರಲಿಲ್ಲ. ಕೇಳುವವಳು ಮಿರಿಯಮ್ ಎಂದು ನಿಮಗೆ ಆಗಲೇ ಗೊತ್ತಿತ್ತು. ಸಂಜೆ ಗೇಟಿನ ಹತ್ತಿರ ನಿಮ್ಮಿಬ್ಬರ ಗೆಳೆತನ ಬೆಳೆದಿತ್ತು. ಅವಳ ಅಡುಗೆಮನೆ ನೋಡಿ ಬಂದ ದಿನ ನೀವು ಕೋಟನ್ನೂ ತೆಗೆಯದೆ ಹೇಳಲು ಶುರು ಮಾಡಿದಿರಿ. ಹಾಲಿನದ್ದಕ್ಕೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ, ತೊಳೆಯುವ ಸಿಂಕೂ ಎರಡು. "ಮುಸುರೆ ಅಂದ್ರೆ ಎಂತ ಅಂತ ಅವ್ಳಿಗೆ ಹೇಳಿ ಕೊಡುದೇ ಬ್ಯಾಡ" ಎಂದಿರಿ. ಅನ್ನದ ಪಾತ್ರೆ ಹಾಲಿನ ಪಾತ್ರೆ ಬೇರೆ ಇಡುವ ಮುಸುರೆ ನಮ್ಮ ಡಿಶ್‌ವಾಷರಿಗೆ ಗೊತ್ತಿಲ್ಲ ಅತ್ತೆ ಎಂದು ನಾನು ಹಿಂದೊಮ್ಮೆ ನಕ್ಕಿದ್ದಕ್ಕೆ ಅದು ಉತ್ತರವೇ? ಅವಳ ಮನೆಯಲ್ಲಿ ನೀವು ಕಿತ್ತಳೆ ಮಾತ್ರ ತಿನ್ನುತ್ತಿದ್ದಿರಿ, ನಮ್ಮ ಮನೆಯಲ್ಲಿ ಅವಳು ಬಾಳೆಹಣ್ಣು ಮಾತ್ರ. ಒಬ್ಬರ ಅನ್ನ ಇನ್ನೊಬ್ಬರು ಮುಟ್ಟದೆ ಇಷ್ಟು ಆಪ್ತರಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನಾ ನಿಮಗೆ ಬಿಸಿ ಅನ್ನ ಬಡಿಸಿದವಳು ನಾನು.

ನೀವು ಹೋದ ಮೇಲೆ ಮನೆಯಲ್ಲಿ ಬೊಟ್ಟು ಇಡುವವರಿರಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ, ಮೂರನೇ ಕ್ಲಾಸಿನ ಮೊದಲ ದಿನ, ಅನಘಾ ತಾನೇ ಇಟ್ಟುಕೊಂಡು ಬಂದು ಕಾರಿನಲ್ಲಿ ಕೂತಳು. ಟಿಶ್ಯೂ ತೆಗೆದೆ. ಅವಳು ಮುಖ ಹಿಂದಕ್ಕೆ ಎಳೆದುಕೊಂಡು, ಈಥನ್ ತನ್ನ ಟೊಪ್ಪಿ ತೆಗೆಯುವುದಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕಾರು ನಿಲ್ಲಿಸಿ ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಕೊನೆಗೂ ನನ್ನ ಸರದಿ ಬಂತು ಎಂದುಕೊಂಡೆ.

ಬೊಟ್ಟಿನ ಮಾತೆತ್ತಿದರೆ ಅವರಿಗೆ ಆಶ್ಚರ್ಯ. ಅದಕ್ಕೆ ಜನವರಿಯಲ್ಲೇ ಒಪ್ಪಿದ್ದೇವಲ್ಲ ಎಂದರು. ಆಗ ಮಿರಿಯಮ್ ಬಂದಿದ್ದಳಂತೆ, ಜೊತೆಗೆ ನೀವು. ಅವಳು ವಿಷಯ ಹೇಳಿದ ಮೇಲೆ ನೀವು ಎದ್ದು ನಿಂತು "ಕೈಂಡ್ಲಿ ಡೂ ದ ನೀಡ್‌ಫುಲ್" ಎಂದಿರಂತೆ. ಕುಂದಾಪುರದ ಪೋಸ್ಟಾಫೀಸಿನಲ್ಲಿ ನೀವು ಜನ್ಮವಿಡೀ ಬರೆದ ಇಂಗ್ಲಿಷು. ಪ್ರಿನ್ಸಿಪಾಲ್ ಅದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಮಿರಿಯಮ್‌ಳನ್ನು ಹಿಡಿದು ಕೇಳಿದೆ. ಸೊಸೆಗೆ ನಾನೇ ಹೇಳುತ್ತೇನೆ, ಸಮಯ ನೋಡಿ ಹೇಳುತ್ತೇನೆ ಎಂದು ನೀವು ಅಂದಿದ್ದಿರಂತೆ. ಫೆಬ್ರುವರಿಯಲ್ಲಿ ನೀವೇ ಇಲ್ಲ. ಆಮೇಲೂ ಅನಘಾಳ ಹಣೆ ಖಾಲಿ ಕಂಡು, ಅದು ನನ್ನ ಇಷ್ಟವಿರಬೇಕು ಎಂದು ಅವಳು ಸುಮ್ಮನಾದಳಂತೆ. "ಅವರು ನಿನ್ನ ಬಗ್ಗೆಯೇ ಮಾತಾಡುತ್ತಿದ್ದರು" ಎಂದೂ ಹೇಳಿದಳು. ಏನು ಮಾತಾಡುತ್ತಿದ್ದಿರಿ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ನಿಮ್ಮ ಮಾತನ್ನು ಅವಳ ಬಾಯಿಂದ ಕೇಳಬೇಕೇ?

ನಾನು ಕೇಳಬೇಕೆಂದಿದ್ದು ಇಷ್ಟೇ, ಅತ್ತೆ. ನನ್ನನ್ನೇ ಕರೆದುಕೊಂಡು ಯಾಕೆ ಹೋಗಲಿಲ್ಲ? ನಾನು ಬರುವುದಿಲ್ಲ ಎಂದುಕೊಂಡಿರಾ? ಒಂದು ವೇಳೆ ನಾನು ನಿಜಕ್ಕೂ ಬರುತ್ತಿರಲಿಲ್ಲವೋ ಏನೋ. ಆದರೂ ಒಂದು ಸಲ...

ಈಗ ಸುದ್ದಿ. ಅನಘಾ ದಿನಾ ಬೊಟ್ಟು ಇಟ್ಟುಕೊಂಡೇ ಹೋಗುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ನಿಮ್ಮ ವರ್ಷಾಂತಿಕ ಬರುವ ಫೆಬ್ರುವರಿಯಲ್ಲಿ, ಶಾಲೆಯಿರುವ ದಿನವೇ ಬಂದಿದೆ. ಅವಳ ಕ್ಲಾಸನ್ನು ಸ್ಕೇಟಿಂಗ್‌ಗೆ ಕರೆದೊಯ್ಯುವುದೂ ಅವತ್ತೇ ಇತ್ತು. ಹೋದ ವಾರ ನಾನು ಪ್ರಿನ್ಸಿಪಾಲರ ಎದುರು ಕೂತು ಹೇಳಿದೆ: ಅಜ್ಜಿಯ ವರ್ಷದ ಕಾರ್ಯಕ್ಕೆ ಮೊಮ್ಮಗಳು ಮನೆಯಲ್ಲಿರಬೇಕು, ಅವಳಿಗೆ ಸ್ಕೇಟಿಂಗೂ ತಪ್ಪಬಾರದು, ದಿನ ಬದಲಿಸಿ. ಅವರು ಒಂದು ದಿನ ಮುಂದೆ ಹಾಕಿದರು.

ಮಿರಿಯಮ್‌ಗೆ ಇದು ಇನ್ನೂ ಗೊತ್ತಿಲ್ಲ. ಈ ಸಲ ಕೇಳಿದ್ದು ನಾನು.

ನಿಮ್ಮ ಸೊಸೆ,
ಸುಮ